ಊಟದ ನಂತರದ ಪಾಠ

ಮದುವೆಯಾಗಿ ಶಿರಿಯ ಎಂಬ ಹೊಳೆಬದಿಯ ಊರಿಗೆ ಬಂದಾಗ ನನಗೆ ಅಡುಗೆಯೊಂದನ್ನು ಬಿಟ್ಟು ಬೇರೆ ಯಾವ ಕೆಲಸವೂ ನೆಟ್ಟಗೆ ಬರುತ್ತಿರಲಿಲ್ಲ. ನನ್ನ ಅತ್ತೆಗೆ ಬಾರದ್ದು ಕಡಿಮೆ. ಚಾಪೆ ಹೆಣೆಯುತ್ತಿದ್ದರು, ಬಟ್ಟೆ ಹೊಲಿಯುತ್ತಿದ್ದರು, ದನ ಕರು ಹಾಕುವಾಗ ಊರವರು ಅವರನ್ನೇ ಕರೆಯುತ್ತಿದ್ದರು. ನಾವು ಮೀನು ತಿನ್ನದವರು. ಆದರೂ ನೆರೆಮನೆಯವರ ಹರಿದ ಬಲೆಗೆ ಗಂಟು ಹಾಕುವುದನ್ನೂ ಅವರು ಕಲಿತಿದ್ದರು.

ಇಷ್ಟೆಲ್ಲ ಯಾವಾಗ ಕಲಿತಿರಿ ಎಂದು ಕೇಳಿದೆ.

"ಮಧ್ಯಾಹ್ನ ಊಟ ಆಗಿ ಎಲ್ಲರೂ ಮಲಗ್ತಾರಲ್ಲ, ಆಗ. ದಿನಾ ಸ್ವಲ್ಪ. ಒಂದು ಕೈಗೆ ಹತ್ತುವವರೆಗೆ ಇನ್ನೊಂದಕ್ಕೆ ಹೋಗುವುದಿಲ್ಲ."

ಮರುದಿನವೇ ನನ್ನನ್ನು ಹೊಲಿಗೆ ಯಂತ್ರದ ಮುಂದೆ ಕೂರಿಸಿದರು. ನೂಲು ಕೊಡಲಿಲ್ಲ.

"ಇವತ್ತು ಕಾಲು ಮಾತ್ರ ಕಲಿಯುವ. ನೂಲಿಗೆ ಎಂತ ಅವಸರ ಉಂಟು?"

ಬರಿದೇ ತುಳಿದು ತುಳಿದು ನನಗೆ ಬೇಸರ ಬಂತು. ಚಕ್ರ ಹಿಂದಕ್ಕೆ ತಿರುಗುವುದು ನಿಂತ ದಿನ ಅವರೇ ನೂಲು ಪೋಣಿಸಿಕೊಟ್ಟರು. ಆ ಮಳೆಗಾಲ ಮುಗಿಯುವುದರೊಳಗೆ ನನ್ನ ರವಿಕೆಯನ್ನು ನಾನೇ ಹೊಲಿದುಕೊಂಡೆ.

ಬೇಸಗೆಯಲ್ಲಿ ಅತ್ತೆ ದೋಣಿಯಲ್ಲಿ ಹೊಳೆ ದಾಟುವ ಕಡವಿಗೆ ಹೊರಟರು. ಮಧ್ಯಾಹ್ನ ದಾಟುವವರು ಇರುತ್ತಿರಲಿಲ್ಲ. ಮುದುಕ ಅಂಬಿಗ ದೋಣಿ ಕಟ್ಟಿ ಸುಮ್ಮನೆ ಕೂತಿರುತ್ತಿದ್ದ.

"ದೋಣಿ ಕಲಿತು ನಿಮಗೆ ಎಂತ ಆಗ್ಬೇಕು ಅಕ್ಕ?" ಎಂದು ಅವನು ಕೇಳಿದ.

"ಗೊತ್ತಿಲ್ಲ. ನಿಮಗೆ ಈಗ ಪುರುಸೊತ್ತು ಉಂಟಲ್ಲ, ಕಲಿಸಿ."

ಮೊದಲು ದೋಣಿಯಲ್ಲಿ ಬೀಳದೆ ನಿಲ್ಲುವುದು. ಅದು ಬಂದ ಮೇಲೆ ದಡದ ಹತ್ತಿರ ಬಿದಿರಿನ ಗಳ ಊರುವುದು, ಕೊನೆಗೆ ನಡುಹೊಳೆ. ಸೀರೆ ಎತ್ತಿ ಕಟ್ಟಿದ ಅವರನ್ನು ಕಂಡು ಕೆಲವರು ನಕ್ಕರು. ಅವರು ತಲೆ ಕೆಡಿಸಿಕೊಳ್ಳಲಿಲ್ಲ.

ಮುಂದಿನ ವರ್ಷ ಪರೀಕ್ಷೆಯ ದಿನ ಬೆಳಿಗ್ಗೆ ಅಂಬಿಗ ಜ್ವರ ಬಂದು ಮಲಗಿದ್ದ. ಆಚೆ ದಡದ ಶಾಲೆಗೆ ಹೋಗಬೇಕಾದ ಮಕ್ಕಳು ಅಳುಮುಖ ಮಾಡಿ ಕಡವಿನಲ್ಲಿ ನಿಂತಿದ್ದಾರೆಂದು ಸುದ್ದಿ ಬಂತು. ಅತ್ತೆ ದೋಸೆ ಹೊಯ್ಯುವುದನ್ನು ಬಿಟ್ಟು ಎದ್ದರು. ನಾನೂ ಹಿಂದೆಯೇ ಓಡಿದೆ.

"ಅಲುಗಾಡಬೇಡಿ, ಮಗ್ಗಿ ಹೇಳ್ತಾ ಇರಿ," ಎಂದು ಮಕ್ಕಳನ್ನು ಕೂರಿಸಿ ಅವರು ಗಳ ಊರಿದರು. ದೋಣಿ ನೇರವಾಗಿ ಹೋಗಿ ಆಚೆ ದಡ ಮುಟ್ಟಿತು. ನಾನು ಈಚೆ ದಡದಲ್ಲೇ ನಿಂತು ನೋಡಿದೆ. ಅವರು ಹಿಂದಿರುಗಿದಾಗ ನೀರಿಗಿಳಿದು ದೋಣಿಯ ಹಗ್ಗ ಹಿಡಿದು ದಡಕ್ಕೆ ಎಳೆದೆ.

ನಮ್ಮ ಊರು ಕೇರಳಕ್ಕೆ ಸೇರಿದ ಮೇಲೆ ಕಚೇರಿಯಲ್ಲಿ ಮಲಯಾಳ ಹೆಚ್ಚಾಯಿತು. ಗಂಡಸರು ಗೊಣಗುತ್ತಿದ್ದರು. ಅತ್ತೆ ಸ್ಲೇಟು ಹಿಡಿದು, ಮಲಯಾಳ ಬಲ್ಲ ನೆರೆಮನೆಯ ಟೀಚರ ಬಳಿ ನನ್ನನ್ನೂ ಕರೆದುಕೊಂಡು ಹೋದರು. ಟೀಚರು ಸಾಲಾಗಿ ಅಕ್ಷರಗಳನ್ನು ಬರೆದರು. ಅತ್ತೆ ಒಂದನ್ನು ಉಳಿಸಿ ಮಿಕ್ಕದ್ದನ್ನು ಒರೆಸಿದರು.

"ಇವತ್ತಿಗೆ ಇದು ಸಾಕು."

ವರ್ಷ ಕಳೆಯುವಷ್ಟರಲ್ಲಿ ನಾವಿಬ್ಬರೂ ಮಲಯಾಳ ಓದುತ್ತಿದ್ದೆವು, ಅವರು ನನಗಿಂತ ಸರಾಗವಾಗಿ.