ರುಚಿ ನೋಡಬಾರದ ಕೊರಿಯಾ ಖಾರ

ಸತ್ತವರ ಎಡೆಗೆಂದು ಜೋಡಿಸಿಟ್ಟ ಮೊರದಲ್ಲಿ ಬೀಡಿಕಟ್ಟು, ಬೆಂಕಿಪೊಟ್ಟಣ, ಬ್ರಾಂದಿಯ ಸಣ್ಣ ಬಾಟಲಿ. ಒಲೆಯ ಮೇಲೆ ಬಂಡೂರು ಕುರಿಯ ಸಾರು. ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಮಂಡ್ಯದ ಈ ಮನೆಯಲ್ಲಿ ಇದನ್ನೆಲ್ಲ ಕಂಡು ನಿಂತಲ್ಲೇ ನಿಂತೆ. ಬಾಗಲಕೋಟೆ ಕಡೆಯ ನಮ್ಮ ಮನೆಯಲ್ಲಿ ಹಿರಿಯರಿಗೆ ಹೋಳಿಗೆಯ ಎಡೆ. ಅವರಿಗೆ ಏನಿಷ್ಟವಿತ್ತೆಂದು ಯಾರೂ ಕೇಳುವುದಿಲ್ಲ. ಇಲ್ಲಿ ಕೇಳುತ್ತಾರೆ.

ಹಾಸ್ಟೆಲ್ ಮೇಲ್ವಿಚಾರಕಿಯಾಗಿ ನಿವೃತ್ತಳಾಗಿ ಮಗಳ ಮನೆಗೆ ಬಂದು ನೆಲೆಸಿದ ಮೊದಲ ವರ್ಷವಿದು. ಗಂಟೆ ಹೊಡೆದಂತೆ ಏಳುವ, ಉಣ್ಣುವ ನನಗೆ ಈ ಊರು ನಿಧಾನವಾಗಿ ಒಗ್ಗಿತು. 'ಬುಡಿ' ಎಂದರೆ ಸಿಟ್ಟಲ್ಲ, ಸಮಾಧಾನ ಎಂದು ತಿಳಿಯಲು ದಿನ ಹಿಡಿಯಿತು. ಈಗ ಸೊಪ್ಪು ಮಾರುವವಳು ನನ್ನನ್ನು ಕಂಡರೆ, “ಬಸ್ಸಾರಿಗಾ ಅವ್ವಾ?” ಎನ್ನುತ್ತಾಳೆ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನ ಸಾರು ಅದು. ಆ ಪ್ರಶ್ನೆ ನನಗೊಂದು ಬಹುಮಾನ.

ಮನೆಯ ಹಿರಿಯರು ನನ್ನ ಬೀಗಿತ್ತಿ ನಿಂಗಮ್ಮ, ಮಳವಳ್ಳಿ ಕಡೆಯವರು. ಅವರ ಯಜಮಾನರು ಹೋದ ವರ್ಷ ತೀರಿಕೊಂಡರು. ಕೊನೆಯ ದಿನಗಳಲ್ಲಿ, ಮೊಮ್ಮಗಳು ಸಿಂಚನಾ ಮಾಡುತ್ತಿದ್ದ ಕೊರಿಯಾ ಖಾರದ ನೂಡಲ್ಸನ್ನು ಕೇಳಿ ಕೇಳಿ ಉಣ್ಣುತ್ತಿದ್ದರಂತೆ.

“ತಾತನ ಎಲೆಗೆ ಅದೂ ಬೇಕು,” ಎಂದಳು ಸಿಂಚನಾ.

“ಬ್ರಾಂದಿನೇ ಇಕ್ತೀವಂತೆ, ಅದ್ಕೇನು? ಇಕ್ಕವ್ವ,” ಎಂದರು ನಿಂಗಮ್ಮ. “ಎಡೆ ಇಕ್ಕೋಗಂಟ ಯಾರೂ ಬಾಯ್ಗೆ ಮುಟ್ಟುಸ್ಬ್ಯಾಡಿ.”

ಕೊರಿಯಾದವರು ಈ ಖಾರವನ್ನು ಸೋಯಾ ಕಾಳಿನೊಂದಿಗೆ ತಿಂಗಳುಗಟ್ಟಲೆ ಹುದುಗಲು ಇಡುತ್ತಾರಂತೆ. ನಮ್ಮದು ಅಂದಂದಿನದು. ನಾನು ಊರಿಂದ ತಂದ ಬ್ಯಾಡಗಿ ಮೆಣಸಿನಕಾಯಿ ನೆನೆಸಿ, ಬೆಳ್ಳುಳ್ಳಿಯೊಡನೆ ಅರೆದು, ಎಳ್ಳೆಣ್ಣೆಯಲ್ಲಿ ಬಾಡಿಸಿ, ಉಪ್ಪಿನ ಬದಲು ಸೋಯಾ ಸಾಸು ಸುರಿದು, ಮಂಡ್ಯದ ಬೆಲ್ಲ ಕರಗಿಸಿದೆವು. ಘಮ ಏರಿತು. ನಾನು ಚಮಚ ಅದ್ದಿ ನಾಲಿಗೆಗಿಟ್ಟೆ. ಹಾಸ್ಟೆಲ್ಲಿನಲ್ಲಿ ನಾನು ರುಚಿ ನೋಡದೆ ಯಾವ ಪಾತ್ರೆಯೂ ಅಡುಗೆಮನೆ ದಾಟುತ್ತಿರಲಿಲ್ಲ.

“ಅಜ್ಜಿ, ಎಂಜ್ಲು ಮಾಡ್ಬುಟ್ರಲ್ಲ,” ಎಂದು ಸಿಂಚನಾ ಕೂತೇಬಿಟ್ಟಳು.

ನಾನೇ ಹೋಗಿ ನಿಂಗಮ್ಮನಿಗೆ ಹೇಳಿದೆ. ಅವರು ಬೈದಿದ್ದರೆ ಹಗುರಾಗುತ್ತಿತ್ತು.

“ನೀವು ಆಸ್ಟ್ಲು ಬುಟ್ರೂ ಆಸ್ಟ್ಲು ನಿಮ್ಮ ಬುಡ್ನಿಲ್ಲ ಕಣಮ್ಮ. ಇನ್ನೊಂದಪ ಅರೀರಿ, ಇನ್ನೂ ಒತ್ತು ಅದೆ.”

ಮತ್ತೆ ಅರೆದೆ, ಈ ಬಾರಿ ಅವರ ಗುಂಟೂರು ಮೆಣಸಿನಕಾಯಿ. ಸೋಯಾ ಸಾಸು ಮುಗಿದಿತ್ತು. ತುಟಿ ಬಿಗಿಹಿಡಿದು ನೂಡಲ್ಸ್ ಕಲಸಿದೆ. ಎಡೆ ಇಟ್ಟು, ಹಿರಿಯರು ಬಂದು ಉಣ್ಣಲೆಂದು ಕದ ಮುಚ್ಚಿ, ಎಲ್ಲರೂ ಜಗಲಿಯಲ್ಲಿ ಕುಳಿತೆವು.

“ನಿಮ್ಮ್ ಯಜಮಾನ್ರಿಗೆ ಎಲ್ಲಿಕ್ತಾರೆ?” ಎಂದು ನಿಂಗಮ್ಮ ಕೇಳಿದರು.

“ಊರಾಗ, ನನ್ನ ಮೈದುನ ಇಡ್ತಾನ್ರಿ.”

ಕದ ತೆರೆದು ಉಂಡಾಗ ತಿಳಿಯಿತು, ನೂಡಲ್ಸಿಗೆ ಉಪ್ಪೇ ಬಿದ್ದಿರಲಿಲ್ಲ. ನಾನು ತಲೆ ತಗ್ಗಿಸಿದೆ.

“ಉಪ್ಪು ಕಮ್ಮಿಯಾದ್ರೆ ತಟ್ಟೆ ತಳ್ಬುಡೋ ಮನ್ಸ. ಇವತ್ತು ಸುಮ್ನೆ ಉಂಡವ್ರೆ, ಸತ್ಮ್ಯಾಕೆ ಬುದ್ಧಿ ಬಂದದೆ,” ಎಂದರು ನಿಂಗಮ್ಮ. ಸಿಂಚನಾ ನಕ್ಕಳು. ಎಲೆಯಲ್ಲಿದ್ದುದನ್ನೆಲ್ಲ ಅವಳೇ ಉಂಡಳು.

ಕೈ ತೊಳೆದು ಊರಿಗೆ ಫೋನ್ ಮಾಡಿದೆ. “ಅಣ್ಣನ ಎಡಿ ಹಿಡದ್ಯೇನಪಾ?”

“ಇಲ್ಲ ಅತ್ತಿಗಿ. ನೀವು ಅಲ್ಲೇ ಹಿಡೀತೀರಂತ ತಿಳ್ಕೊಂಡ್ವಿ. ಪಟಾನೂ ಒಯ್ದೀರಲ್ಲ.”

ಯಜಮಾನರ ಪಟ ಇನ್ನೂ ನನ್ನ ಪೆಟ್ಟಿಗೆಯಲ್ಲೇ, ಸೀರೆಗಳ ಅಡಿಯಲ್ಲಿತ್ತು. ಗೋಡೆಗೆ ಹಾಕಲೋ ಬೇಡವೋ, ಇದು ಬೀಗರ ಮನೆ ಎಂಬ ಸಂಕೋಚದಲ್ಲಿ ಬಿಟ್ಟಿದ್ದೆ. ಅಡುಗೆಮನೆಗೆ ಬಂದೆ. ಎಂಜಲಾಗದ ತುತ್ತೊಂದೂ ಅಲ್ಲಿರಲಿಲ್ಲ. ಅವರಿಗೆ ರೊಟ್ಟಿಯಾದರೂ ತಟ್ಟೋಣವೆಂದರೆ, ಈ ಊರಿಗೆ ಬಂದ ಮೇಲೆ ಜೋಳದ ಹಿಟ್ಟನ್ನು ನಾನು ತರಿಸಿಯೇ ಇರಲಿಲ್ಲ.

ವಿಷಯ ಕೇಳಿದ ನಿಂಗಮ್ಮ ಒಲೆ ಹಚ್ಚಿ ರಾಗಿ ಹಿಟ್ಟು ಹಾಕಿದರು. ಜೀವಮಾನದಲ್ಲಿ ಮುದ್ದೆ ಮುಟ್ಟದ ಮನುಷ್ಯನ ಪಟದ ಮುಂದೆ ಮುದ್ದೆ ಇಟ್ಟು ಹೊರಗೆ ಬಂದು ಕುಳಿತೆ. ಮಗಳ ಮದುವೆಗೆ ಮುಂಚೆಯೇ ಹೋದವರು ಅವರು. ಈ ಮನೆಯ ದಾರಿ ಅವರಿಗೆ ಗೊತ್ತಿಲ್ಲ.