ಹನ್ನೊಂದು, ಜೋಡಿ ಕಂಬ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪಾವಗಡದಲ್ಲಿ ವಿದ್ಯುತ್ ಇಲಾಖೆಯ ಸೆಕ್ಷನ್ ಆಫೀಸರ್ ಆಗಿದ್ದೆ. ಕಂಬ, ತಂತಿ, ಫ್ಯೂಸು ಬಿಟ್ಟರೆ ನನಗೆ ಬೇರೆ ಪ್ರಪಂಚವಿರಲಿಲ್ಲ. ಊರಿನ ಸರ್ಕಾರಿ ನೌಕರರ ಕುಟುಂಬಗಳು ತಿಂಗಳಿಗೊಮ್ಮೆ ಶಾಲೆಯ ಮೈದಾನದಲ್ಲಿ ಸೇರಿ ತಂಬೋಲಾ ಆಡುತ್ತಿದ್ದವು. ಚೀಲದಿಂದ ಒಂದೊಂದೇ ಬಿಲ್ಲೆ ತೆಗೆದು ಅಂಕೆ ಕೂಗುವುದು, ಚೀಟಿಯಲ್ಲಿ ಅದಿದ್ದವರು ಹೊಡೆದುಹಾಕುವುದು, ಅಷ್ಟೇ ಆಟ. ಕೆಲಸವಿಲ್ಲದವರ ಕೆಲಸ ಎಂದು ನಾನು ಮೂಗು ಮುರಿಯುತ್ತಿದ್ದೆ. ನನ್ನ ಹೆಂಡತಿ ಶಾರದೆಗೆ ಮಾತ್ರ ಅದೆಂದರೆ ಪ್ರಾಣ.

ಕೂಗುತ್ತಿದ್ದವರು ಹೆರಿಗೆ ವಾರ್ಡಿನ ನರ್ಸ್ ಜಯಮ್ಮ. ಇಂಗ್ಲಿಷಿನ ಅಡ್ಡಹೆಸರುಗಳನ್ನು ಬದಿಗಿಟ್ಟು ಅಂಕೆಗಳಿಗೆ ತಮ್ಮವೇ ಹೆಸರಿಟ್ಟಿದ್ದರು. ಎರಡು ಅಂದರೆ 'ಗಂಡ ಹೆಂಡ್ತಿ', ಒಂಬತ್ತು 'ದಿನ ತುಂಬಿದ ಬಸುರಿ'. ಕೆಲವಕ್ಕೆ ಕುಣಿತವೂ ಅಂಟಿಕೊಂಡಿತ್ತು. 'ಹನ್ನೊಂದು, ಜೋಡಿ ಕಂಬ' ಎಂದರೆ ಎಲ್ಲರೂ ಕೈ ಮೇಲೆತ್ತಿ ಎದ್ದು ನಿಲ್ಲಬೇಕು. 'ಏಳು, ಸಪ್ತಪದಿ' ಎಂದರೆ ಏಳು ಹೆಜ್ಜೆ ಮುಂದೆ ನಡೆಯಬೇಕು. ಮರೆತವರು ಮೈಕಿನಲ್ಲಿ ಹಾಡಬೇಕಿತ್ತು, ಹಾಗಾಗಿ ಯಾರೂ ಮರೆಯುತ್ತಿರಲಿಲ್ಲ.

ಆ ಸಂಜೆ ಮಳೆ ಹನಿದು ನಿಂತಿತ್ತು. ಶಾರದೆಯ ಒತ್ತಾಯಕ್ಕೆ ನಾನೂ ಹೋಗಿದ್ದೆ. ಶಾಮಿಯಾನದ ಕಬ್ಬಿಣದ ಕಂಬಗಳ ಪಕ್ಕ ಜನ ಸುತ್ತ ಕೂತಿದ್ದರು, ನಡುವೆ ಖಾಲಿ. ನಾಯಿಯೊಂದು ಮೂಲೆಯ ಕಂಬಕ್ಕೆ ಕಾಲೆತ್ತಿದ್ದೇ ತಡ, ಕುಂಯ್ ಎಂದು ಎಗರಿ ಓಡಿತು. ಜನ ನಕ್ಕರು. ನಾನು ಎದ್ದು ಹೋದೆ. ಕಂಬಕ್ಕೆ ಟೆಸ್ಟರ್ ಮುಟ್ಟಿಸಿದೆ, ದೀಪ ಹತ್ತಿತು. ಲೈಟಿನ ವೈರು ಸುಲಿದು, ಮೇಲಿನ ಅಡ್ಡಪೈಪಿನ ಮೂಲಕ ಎಲ್ಲ ಕಂಬಗಳಿಗೂ ಕರೆಂಟು ಹರಿದಿತ್ತು. ತುಂಬು ಬಸುರಿ ಶಾರದೆಗೂ ಅವಳ ಮಗ್ಗುಲಿನ ಕಂಬಕ್ಕೂ ನಡುವೆ ಇದ್ದದ್ದು ಒಂದು ಗೇಣು.

ಮೇನ್ ಸ್ವಿಚ್ಚು ಮೈದಾನದ ಆಚೆ, ಶಾಲೆಯ ಕೋಣೆಯಲ್ಲಿತ್ತು. 'ಶಾಕು!' ಎಂದು ಕೂಗಿದರೆ ಗಾಬರಿಗೆ ಜನ ಕಂಬ ಹಿಡಿದೇ ಏಳುತ್ತಾರೆ. ಜಯಮ್ಮನ ಕಿವಿಯಲ್ಲಿ ಹೇಳಿದೆ: "ಕಂಬಕ್ಕೆ ಕರೆಂಟ್ ಬಂದಿದೆ, ಯಾರೂ ಮುಟ್ಟಬಾರದು."

"ನೀವು ಓಡಿ ಸಾರ್, ನಾ ನೋಡ್ಕೋತೀನಿ" ಎಂದರು.

ಚೀಲಕ್ಕೆ ಕೈಹಾಕಿ ಬರಿಗೈ ತೆಗೆದರು. "ಹನ್ನೊಂದು! ಜೋಡಿ ಕಂಬ! ಕೈ ಮೇಲೆ!"

ಶಾರದೆಯ ಕೈ ಆಸರೆಗೆಂದು ಕಂಬದತ್ತ ಹೋದದ್ದನ್ನು ಓಡುತ್ತಲೇ ಕಂಡೆ. ಅಯ್ಯೋ ದೇವರೇ! ಅಷ್ಟರಲ್ಲಿ ಆಟದ ರೂಢಿ ಆ ಕೈಯನ್ನು ಮೇಲಕ್ಕೆತ್ತಿಸಿತು. ಪಕ್ಕದಾಕೆ ಸೊಂಟ ಹಿಡಿದು ಅವಳನ್ನು ಎಬ್ಬಿಸಿದಳು.

"ಏಳು! ಸಪ್ತಪದಿ! ನಡೀರಿ ಮುಂದಕ್ಕೆ!"

"ಮೋಸಂ! ಏಳು ಆಗ್ಲೇ ಬಂದೈತಲ್ಲಮ್ಮೋ!" ಎಂದು ಒಬ್ಬ ಎಳೆ ಗುಮಾಸ್ತ ಅರಚಿದ.

"ಬಂದಿದ್ರೆ ಇನ್ನೊಂದ್ ಮದ್ವೆ ಆಗ್ಬುಡು ಕಣ್ಲಾ, ಈಗ ನಡಿ!"

ನಗುತ್ತ, ಗೊಣಗುತ್ತ ಜನವೆಲ್ಲ ನಡುವಿಗೆ ಬಂದರು. ಕೋಣೆಯ ಬಾಗಿಲಲ್ಲಿ ತಿರುಗಿ ನೋಡಿದೆ. ಶಾರದೆಯೂ ಒಂದೊಂದೇ ಹೆಜ್ಜೆ ಎಣಿಸುತ್ತ ನಡೆಯುತ್ತಿದ್ದಳು. ಬೀಗದಕೈ ಹುಡುಕುವಷ್ಟು ತಾಳ್ಮೆ ಯಾರಿಗಿತ್ತು? ಬಾಗಿಲು ಒದ್ದು ಸ್ವಿಚ್ ಎಳೆದೆ. ಕತ್ತಲಾಯಿತು.

ಟಾರ್ಚು ಹಿಡಿದು ಬಂದ ನನ್ನನ್ನು, ಏನೂ ಗೊತ್ತಿರದ ಶಾರದೆ ಎಲ್ಲರೆದುರೇ ಗದರಿದಳು: "ನಂಗೆ ಒಂದೇ ನಂಬರ್ ಬಾಕಿ ಇತ್ತು ಕಣ್ರೀ. ಈಗ್ಲೇ ಲೈಟ್ ತೆಗೀಬೇಕಿತ್ತಾ?" ಬೈಗುಳ ಕೇಳಿ ಅಷ್ಟು ಸಂತೋಷಪಟ್ಟದ್ದು ಜೀವಮಾನದಲ್ಲಿ ಅದೊಂದೇ ಸಲ. ಅಳು ತಡೆಯಲಾಗಲಿಲ್ಲ.

ನಿವೃತ್ತನಾಗುವವರೆಗೂ ಲೈನ್‌ಮನ್‌ಗಳಿಗೆ ಒಂದೇ ಮಾತು ಹೇಳುತ್ತ ಬಂದೆ: ಅಪಾಯದಲ್ಲಿರುವವರನ್ನು ಹೆದರಿಸಬೇಡಿ, ಕೈ ಎಲ್ಲಿಡಬೇಕು, ಕಾಲು ಎಲ್ಲಿಡಬೇಕು ಹೇಳಿ. ಮದುವೆಯ ದಿನ ಶಾರದೆಯ ಜೊತೆ ಇಟ್ಟ ಏಳು ಹೆಜ್ಜೆ, ಹೋಮದ ಹೊಗೆಯಲ್ಲಿ, ನನಗೆ ಸರಿಯಾಗಿ ನೆನಪಿಲ್ಲ. ಆ ಮೈದಾನದಲ್ಲಿ ಅವಳು ಕಂಬ ಬಿಟ್ಟು ಇಟ್ಟ ಏಳು ಹೆಜ್ಜೆ ಮಾತ್ರ ಒಂದೊಂದೂ ನೆನಪಿದೆ.