ಹಳೆಯ ಚೀಟಿಯ ಕೆಳಗೆ

ನಿವೃತ್ತಿಗೆ ಎಂಟು ದಿನ ಉಳಿದಿರುವಾಗ ಕಾಶಪ್ಪನಿಗೆ ಕೂತಲ್ಲಿ ಕೂರಲಾಗದ ರೋಗ ಹತ್ತಿತು. ನುಸಿಗುಳಿಗೆ ಹಾಕಿದ ಪೆಟ್ಟಿಗೆಗೇ ಮತ್ತೆ ನುಸಿಗುಳಿಗೆ ಹಾಕಿದ. ಬೀಗ ಹಾಕಿ ಬಂದು, ಹಾಕಿದೆನೋ ಇಲ್ಲವೋ ಎಂದು ಮೂರು ಸಲ ಮೆಟ್ಟಿಲು ಹತ್ತಿದ. ಅರವತ್ತರ ಮನುಷ್ಯ, ಮೊಣಕಾಲು ಬೇರೆ ನೋವು.

ಪುಣೆಯ ವಿಶ್ವವಿದ್ಯಾಲಯವೊಂದರ ಕೀಟಶಾಸ್ತ್ರ ವಿಭಾಗದಲ್ಲಿ ಅವನು ಅಟೆಂಡರ್. ಅಲ್ಲಿನ ಸಂಗ್ರಹದಲ್ಲಿ ಎಪ್ಪತ್ತು ಸಾವಿರ ಹುಳಗಳಿವೆ. ಒಂದೊಂದಕ್ಕೂ ಒಂದು ಸೂಜಿ, ಅದೇ ಸೂಜಿಗೆ ಚುಚ್ಚಿದ ಒಂದು ಚೀಟಿ. ಚೀಟಿಯಲ್ಲಿ ಸಾಸಿವೆ ಗಾತ್ರದ ಅಕ್ಷರಗಳು: ಸಿಕ್ಕ ಊರು, ಸಿಕ್ಕ ದಿನ, ಹಿಡಿದವರ ಹೆಸರು. ಚೀಟಿಯಲ್ಲಿ ತಪ್ಪಿದ್ದರೆ ತಿದ್ದಬಾರದು, ಹರಿಯಬಾರದು. ಸರಿಯಾದದ್ದನ್ನು ಬರೆದು ಅದರ ಕೆಳಗೆ ಚುಚ್ಚಬೇಕು. ವಿಭಾಗದ ಕಟ್ಟಳೆ ಅದು. ಹಿಡಿದವರ ಹೆಸರಿನ ಜಾಗದಲ್ಲಿ ಯಾವಾಗಲೂ ಯಾರೋ ಒಬ್ಬ ಸಾಹೇಬರ ಹೆಸರು ಇರುತ್ತಿತ್ತು. ಮುಳ್ಳಿನ ಪೊದೆಗೆ ಕೈ ಹಾಕಿದವನು ಕಾಶಪ್ಪ, ಚೀಟಿ ಬರೆದವನೂ ಅವನೇ. ಇದಕ್ಕೆ ಅವನು ಎಂದೂ ಕೊರಗಲಿಲ್ಲ ಎಂದು ನೀವು ಅಂದುಕೊಂಡರೆ ಅದು ನಿಮ್ಮ ಒಳ್ಳೆಯತನ.

ವಿಭಾಗಕ್ಕೆ ಎಪ್ಪತ್ತೈದು ತುಂಬಿತೆಂದು ಅದರ ಚರಿತ್ರೆ ಪುಸ್ತಕವಾಗುತ್ತಿತ್ತು. ಬರೆಯುವ ಭಾರ ತನುಶ್ರೀಯ ತಲೆಗೆ ಬಿದ್ದಿತ್ತು. ಸ್ವಾರಗೇಟ ಬಸ್ ನಿಲ್ದಾಣದ ಬಳಿ ಹೋಟೆಲು ನಡೆಸುವ ಕುಂದಾಪುರ ಕಡೆಯವರ ಮಗಳು. ಅಲ್ಲೇ ಪಿಎಚ್‌ಡಿ ಮಾಡುತ್ತಿದ್ದಳು. ದಿನವಿಡೀ ಮರಾಠಿ ಕೇಳುವ ಆ ಕಟ್ಟಡದಲ್ಲಿ ಕನ್ನಡ ಆಡುವವರು ಇವರಿಬ್ಬರೇ. ಹುಳಕ್ಕೆ ನೋವಾಗುತ್ತದೇನೋ ಎಂಬಂತೆ ಮೆಲ್ಲಗೆ ಸೂಜಿ ಚುಚ್ಚುವುದನ್ನು ಅವಳಿಗೆ ಕಲಿಸಿದವನು ಕಾಶಪ್ಪನೇ.

ಪುಸ್ತಕದ ಮುಖಪುಟಕ್ಕೆ ಆರಿಸಿದ್ದು ಒಂದು ಹುಲಿ ಜೀರುಂಡೆ. ಹೆಬ್ಬೆರಳ ಉಗುರಿನಷ್ಟು ಉದ್ದ, ಹಸಿರು ಬೆನ್ನು, ಓಡುವುದಕ್ಕೆಂದೇ ಮಾಡಿದ ಕಾಲುಗಳು. ಇಡೀ ಜಗತ್ತಿನಲ್ಲಿ ಇಂಥದ್ದು ಸಿಕ್ಕಿರುವುದು ಒಂದೇ ಒಂದು. ಚೀಟಿಯಲ್ಲಿ ಊರು ಭೀಮಾಶಂಕರ, ಇಸವಿ ಸಾವಿರದ ಒಂಬೈನೂರ ತೊಂಬತ್ತಾರು, ಜೂನ್ ಹತ್ತೊಂಬತ್ತು, ಹಿಡಿದವರು ಅನಂತರಾಮು. ಮರಳಲ್ಲಿ ಓಡುವ ಕಾಲಿನ ಹುಳ ಕಾಡಿನಲ್ಲಿ ಹೇಗೆ ಬದುಕುತ್ತದೆ ಎಂದು ಅನಂತರಾಮು ಸರ್ ಮೂರು ಪುಟ ಆಶ್ಚರ್ಯಪಟ್ಟು ಬರೆದಿದ್ದರು. ವಿಭಾಗದ ಮುಖ್ಯಸ್ಥರಾಗಿದ್ದ ಮೈಸೂರು ಕಡೆಯ ದೊಡ್ಡ ಮನುಷ್ಯ, ಈಗಿಲ್ಲ. ಅಂಥ ಇನ್ನೊಂದು ಹುಳಕ್ಕಾಗಿ ತನುಶ್ರೀ ನಾಲ್ಕು ಮಳೆಗಾಲ ಭೀಮಾಶಂಕರದ ಕಾಡು ತಿರುಗಿ ಬರಿಗೈಯಲ್ಲಿ ಬಂದಿದ್ದಳು. ಡಿಸೆಂಬರಿಗೆ ಅವಳ ಫೆಲೋಶಿಪ್ ಮುಗಿಯುತ್ತದೆ. ಹುಳ ಸಿಗದಿದ್ದರೆ ಪ್ರಬಂಧವಿಲ್ಲ, ಪ್ರಬಂಧವಿಲ್ಲದಿದ್ದರೆ ಅಪ್ಪನ ಹೋಟೆಲಿನ ಗಲ್ಲಾ. ಈ ಸಲ ಮತ್ತೆ ಕಾಡಿಗೆ ಹೊರಟಿದ್ದಳು.

ಕಾಶಪ್ಪನನ್ನು ಕೂರಗೊಡದೆ ಇದ್ದದ್ದು ಇದೇ. ಆ ಚೀಟಿ ಸುಳ್ಳು. ಬರೆದವನು ಅವನೇ.

ಅವನು ಸುರಪುರ ತಾಲ್ಲೂಕಿನವನು. ಮರಳು ಜರಡಿ ಹಿಡಿಯುವ ಕೆಲಸಕ್ಕೆಂದು ಪುಣೆಗೆ ಬಂದವನು. ವಿಭಾಗದ ಹೊಸ ಕಟ್ಟಡದ ಗೋಡೆಗೆ ಗಿಲಾವು ಮೆತ್ತುವಾಗ ಬರಿಗೈಯಲ್ಲಿ ಒಂದು ಕಣಜ ಹಿಡಿದು ಅನಂತರಾಮು ಸರ್ ಮುಂದೆ ಇಟ್ಟಿದ್ದ. ಅವರು ಅವನನ್ನು ದಿನಗೂಲಿಗೆ ಇಟ್ಟುಕೊಂಡರು. ತೊಂಬತ್ತಾರರ ಜೂನಿನಲ್ಲಿ ಅವನೊಬ್ಬನನ್ನೇ ಬಲೆ, ಬಾಟಲಿ ಕೊಟ್ಟು ಭೀಮಾಶಂಕರಕ್ಕೆ ಕಳಿಸಿದರು. ದಾರಿಯಲ್ಲಿ ಚಾಕಣ. ಅಲ್ಲೊಂದು ಕಾರ್ಖಾನೆಯ ಗೋಡೆ ಏಳುತ್ತಿತ್ತು. ಕೂಲಿಯವರ ಶೆಡ್ಡಿನಲ್ಲಿ ತಾಯಿಯ ಹತ್ತಿರ ಇದ್ದ ಹೆಂಡತಿ ಮಾನಮ್ಮ ತುಂಬು ಗರ್ಭಿಣಿ. ಒಂದು ಗಳಿಗೆ ಮುಖ ನೋಡಿ ಹೋದರಾಯಿತೆಂದು ಇಳಿದ. ಅಷ್ಟರಲ್ಲಿ ನೋವು ಶುರುವಾಗಿತ್ತು. ಮುಂದಿನ ಬಸ್ಸು ಹತ್ತಲು ಅವನಿಗೆ ಮನಸ್ಸಾಗಲಿಲ್ಲ. ಎರಡು ದಿನ ಅಲ್ಲೇ ಉಳಿದ. ಮಗಳು ಭುವನೇಶ್ವರಿ ಹುಟ್ಟಿದಳು. ಖಾಲಿ ಬಾಟಲಿ ಒಯ್ದರೆ ಕೂಲಿ ಹೋಗುತ್ತದೆಂದು ಹೆದರಿ, ಶೆಡ್ಡಿನ ಸುತ್ತ ಕಂಡ ಒಂಬತ್ತು ಹುಳ ಹಿಡಿದು ಭೀಮಾಶಂಕರ ಎಂದು ಬರೆದ. ಎಂಟು ಯಾವ ಊರಲ್ಲಾದರೂ ಸಿಗುವಂಥವು. ಒಂಬತ್ತನೆಯದು ಚರಿತ್ರೆಯಾಯಿತು.

ಅದು ಬಿಸಿ ತುಪ್ಪ. ಉಗುಳುವಂತಿಲ್ಲ, ನುಂಗುವಂತಿಲ್ಲ.

"ಏನ್ರಿ, ಮೈಮ್ಯಾಲೆ ಇರುವಿ ಬಿಟ್ಕೊಂಡಂಗ ಮಾಡಾಕತ್ತೀರಿ," ಎಂದಳು ಮಾನಮ್ಮ. "ಒಂದ್ಕಡೆ ಕುಂದರ್ರಿ."

ಕಾಶಪ್ಪ ಕೂತ, ಮತ್ತೆ ಎದ್ದ. "ಆ ಪುಸ್ತಕ ಸೋಮವಾರ ಛಾಪಕ್ಕ ಹೋಗ್ತದ."

"ಮಗಳು ಹುಟ್ಟಿದ್ದು ಚಾಕಣದಾಗ. ನೀವು ಇದ್ದದ್ದೂ ಚಾಕಣದಾಗ. ಹುಳ ಮಾತ್ರ ಭೀಮಾಶಂಕರಕ್ಕ ಹೆಂಗ ಹೋಯ್ತು?"

"ಹೇಳಿದ್ರ ಸರ್ ಹೆಸರು ಕೆಡ್ತದ. ಅನ್ನಾ ಕೊಟ್ಟೋರು. ಸತ್ತಾರ."

"ಸತ್ತೋರು ಸತ್ತಾರ. ಕಾಡಿನಾಗ ಜಿಗಳಿ ಕಡಿಸ್ಕೊಂಡು ತಿರಗಾಕಿ ಇನ್ನಾ ಬದುಕ್ಯಾಳ," ಎಂದು ಮಾನಮ್ಮ ಹಿಟ್ಟು ನಾದತೊಡಗಿದಳು.

ಶನಿವಾರ ಬೆಳಿಗ್ಗೆ ತನುಶ್ರೀ ಮುಖಪುಟದ ಫೋಟೋಗೆಂದು ಆ ಹುಳವನ್ನು ಪೆಟ್ಟಿಗೆಯಿಂದ ತೆಗೆಸಿದಳು. ಸಂಗ್ರಹದ ಕೋಣೆಯಲ್ಲಿ ಇಬ್ಬರೇ ಇದ್ದರು. ಕಾಶಪ್ಪ ಹುಳವನ್ನು ಮೇಜಿನ ಮೇಲಿಟ್ಟು, ಕೈ ಕಟ್ಟಿಕೊಂಡು, ಬಾಗಿಲ ಕಡೆ ನೋಡುತ್ತ ಎಲ್ಲವನ್ನೂ ಹೇಳಿಬಿಟ್ಟ. ಹೆರಿಗೆ, ಖಾಲಿ ಬಾಟಲಿ, ಚೀಟಿ, ಯಾವುದನ್ನೂ ಬಿಡಲಿಲ್ಲ.

ತನುಶ್ರೀ ಕ್ಯಾಮೆರಾ ಕೆಳಗಿಟ್ಟಳು. ಕಣ್ಣಲ್ಲಿ ನೀರು ಬಂತು, ಅದು ಸಿಟ್ಟಿನ ನೀರು.

"ನಾಲ್ಕು ಮಳೆಗಾಲ, ಕಾಶಪ್ಪಣ್ಣ. ಪ್ರತಿ ಸಲ ನಾನು ಹೊರಡುವಾಗ ರೊಟ್ಟಿ ಕಟ್ಟಿಸಿ ತಂದು ಕೊಡ್ತಿದ್ರಲ್ಲ, ಆಗ ಬಾಯಿ ಎಲ್ಲಿ ಹೋಗಿತ್ತು?"

"ಬಾಯಿ ಇತ್ರಿ. ಧೈರ್ಯ ಇರ್ಲಿಲ್ಲ."

"ಚಾಕಣದಲ್ಲಿ ಈಗ ಎಂತ ಉಂಟು? ಬರೀ ಕಾಂಕ್ರೀಟು. ನೀವು ಇಷ್ಟು ದಿನ ಸುಮ್ಮನಿದ್ದವರು ಈಗ ಹೇಳಿ ನನಗೆ ಎಂತ ಆಗ್ಬೇಕು?"

ಕಾಶಪ್ಪ ಮೊದಲ ಸಲ ಅವಳ ಮುಖ ನೋಡಿದ. "ಅದು ಚಾಕಣದ ಹುಳಾನೂ ಅಲ್ರಿ. ಉಸುಕಿನ ಗುಡ್ಡಿ ಮ್ಯಾಲೆ ಓಡ್ತಿತ್ತು. ಆವತ್ತ ಲಾರಿ ಸುರುವಿ ಹೋದ ಹಸಿ ಉಸುಕು. ನಾ ಜರಡಿ ಹಿಡದು ದೊಡ್ಡವ ಆದಾಂವ, ಉಸುಕು ನೋಡಿ ಹೊಳಿ ಹೇಳ್ತೀನ್ರಿ. ಕರಿ ಹಳ್ಳು, ನಡುನಡುವ ಸಿಂಪಿ ಚೂರು. ದೌಂಡ ಕಡಿ ಭೀಮಾ ಹೊಳಿ ದಂಡಿದು. ಅದೇ ಹೊಳಿ ಕೆಳಗ ನಮ್ಮ ಸೀಮಿಗೂ ಬರ್ತದ."

"ಇದನ್ನ ಸರ್‌ಗೂ ಹೇಳ್ಲಿಲ್ವಾ?"

"ಸಾಹೇಬ್ರು ಹುಳದ ಬಗ್ಗೆ ಕೇಳ್ತಿದ್ರು. ಉಸುಕಿನ ಬಗ್ಗೆ ನನ್ನ ಯಾರೂ ಕೇಳಲಿಲ್ರಿ."

ತನುಶ್ರೀ ಭೂತಗನ್ನಡಿ ಎತ್ತಿಕೊಂಡು ಹುಳದ ಮೇಲೆ ಬಾಗಿದಳು. ಹಿಂಗಾಲಿನ ಕೂದಲ ಸಂದಿಯಲ್ಲಿ, ಇಪ್ಪತ್ತೊಂಬತ್ತು ವರ್ಷದಿಂದ ಅಂಟಿಕೊಂಡು, ಕಪ್ಪನೆಯ ಒಂದೆರಡು ಕಣಗಳಿದ್ದವು. ಧೂಳೆಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವಳು ಭೂತಗನ್ನಡಿ ಕೆಳಗಿಟ್ಟು ಹಣೆ ಒತ್ತಿಕೊಂಡಳು.

ಕಾಶಪ್ಪ ಚಿಮಟ ತೆಗೆದುಕೊಂಡು ಹಳೆಯ ಚೀಟಿಗೆ ಕೈ ಹಾಕಿದ. ಅದು ಕಣ್ಣ ಮುಂದಿನಿಂದ ಹೋದರೆ ಸಾಕಾಗಿತ್ತು. ತನುಶ್ರೀ ಅವನ ಕೈ ಹಿಡಿದಳು.

"ಹಳೇ ಚೀಟಿ ತೆಗೀಬಾರ್ದು ಅಂತ ನಂಗೆ ಕಲಿಸಿದ್ದು ಯಾರು?"

ಅವನು ಚಿಮಟ ಇಟ್ಟ. ಅವಳು ಹೊಸ ಚೀಟಿ, ಪೆನ್ನು ಅವನ ಮುಂದೆ ತಳ್ಳಿದಳು. ಅವನು ಚಾಕಣ ಎಂದು ಬರೆದ, ಲಾರಿಯ ಮರಳು ಎಂದು ಬರೆದ, ದೌಂಡ ಎಂದು ಬರೆದ. ದಿನಾಂಕ ಮೊದಲಿನದೇ, ಅದೊಂದು ನಿಜವಿತ್ತು. ಹಿಡಿದವರ ಹೆಸರಿಗೆ ಬಂದಾಗ ಕೈ ಅಭ್ಯಾಸಬಲದಿಂದ ಸರ್ ಹೆಸರಿನ ಮೊದಲ ಅಕ್ಷರಕ್ಕೆ ಹೊರಟಿತು.

"ಹಿಡಿದದ್ದು ಯಾರು?" ಎಂದಳು ತನುಶ್ರೀ. ದನಿಯಲ್ಲಿ ಸಿಟ್ಟು ಹಾಗೆಯೇ ಇತ್ತು.

ಕಾಶಪ್ಪ ತನ್ನ ಹೆಸರು ಬರೆದು, ಹೊಸ ಚೀಟಿಯನ್ನು ಹಳೆಯದರ ಕೆಳಗೆ ಚುಚ್ಚಿದ. ಇಷ್ಟು ವರ್ಷದ ನೌಕರಿಯಲ್ಲಿ ಆ ಜಾಗದಲ್ಲಿ ಅವನ ಹೆಸರು ಬಿದ್ದದ್ದು ಅದೇ ಮೊದಲು. ಅದೇ ಸೂಜಿಯಲ್ಲಿ, ಅದರ ಮೇಲೆಯೇ, ಅವನ ಸುಳ್ಳೂ ಅವನ ಕೈಬರಹದಲ್ಲೇ ಇತ್ತು. ವಿಭಾಗ ಇರುವವರೆಗೆ ಎರಡೂ ಇರುತ್ತವೆ.

ತನುಶ್ರೀ ಹುಳವನ್ನು ಪೆಟ್ಟಿಗೆಗೆ ಸೇರಿಸಿ ಮುಚ್ಚಳ ಹಾಕಿದಳು.

"ನಾಳೆ ಬೆಳಿಗ್ಗೆ ಆರಕ್ಕೆ ಸ್ವಾರಗೇಟಲ್ಲಿ ಇರಿ. ದೌಂಡ ಬಸ್ಸು. ಜರಡಿ ನೀವೇ ತನ್ನಿ," ಎಂದಳು. ಬಾಗಿಲಲ್ಲಿ ನಿಂತು, ತಿರುಗಿ ನೋಡದೆ ಮತ್ತೊಂದು ಮಾತು ಸೇರಿಸಿದಳು. "ರೊಟ್ಟಿ ಬೇಡ."